ಫ್ಲಾಪಿಯ ಲಘು-ಗುರು

ಕಳೆದ ಮಳೆಗಾಲಕ್ಕೆ ಮುಂಚೆ ಊರ ಮನೆಯ ಅಟ್ಟ ಖಾಲಿ ಮಾಡುವಾಗ ಅಪ್ಪನ ಟ್ರಂಕಿನಲ್ಲಿ ಏಳು ಫ್ಲಾಪಿಗಳು ಸಿಕ್ಕವು. ಐದೂಕಾಲು ಇಂಚಿನ ಕರಿಯ ಚೌಕಗಳು. ಮಧ್ಯದಲ್ಲಿ ದೊಡ್ಡ ತೂತು, ಪಕ್ಕದಲ್ಲಿ ಒಂದು ಸಣ್ಣ ತೂತು. ಐದರ ಮೇಲೆ ಅಂಟಿಸಿದ ಚೀಟಿ ಕಳಚಿ ಹೋಗಿತ್ತು. ಒಂದರ ಮೇಲೆ ಅಪ್ಪನ ಅಕ್ಷರದಲ್ಲಿ 'ಪಾಠ' ಎಂದಿತ್ತು, ಇನ್ನೊಂದರ ಮೇಲೆ 'ಪಾಠ - ನಕಲು'. ನಕಲಿಗೆ ಗೆದ್ದಲು ಹಿಡಿದಿತ್ತು. ಉಳಿದವುಗಳಿಗೆ ಬೂಷ್ಟು.

ಅಪ್ಪ ಮಲೆನಾಡಿನ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ತೊಂಬತ್ತರ ದಶಕದ ಆರಂಭದಲ್ಲಿ ಆ ಕಾಲೇಜಿಗೆ ಎರಡು ಕಂಪ್ಯೂಟರು ಬಂದಾಗ ಮೊದಲು ಅದರ ಮುಂದೆ ಹೋಗಿ ಕುಳಿತವರು ವಾಣಿಜ್ಯದವರೂ ಅಲ್ಲ, ಗಣಿತದವರೂ ಅಲ್ಲ, ಅಪ್ಪ. ಅದರಲ್ಲಿ ಕನ್ನಡ ಬರುತ್ತಿರಲಿಲ್ಲ. ಅಪ್ಪ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದುಕೊಳ್ಳುತ್ತಿದ್ದರು. ಏನು ಬರೆಯುತ್ತಿದ್ದರೆಂದು ನಾನು ಕೇಳಲಿಲ್ಲ. ಹದಿನೇಳು ವರ್ಷದ ಹುಡುಗರು ಅಪ್ಪಂದಿರನ್ನು ಅಂಥದ್ದೆಲ್ಲ ಕೇಳುವುದಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಈಗ ಕೇಳಬೇಕಾದದ್ದು ಫ್ಲಾಪಿಯನ್ನೇ.

ಅದನ್ನು ಕೇಳುವುದು ಹೇಗೆಂದು ತಿಳಿಯಲು ಹೋದವನು ಆರೆಂಟು ತಿಂಗಳು ಫ್ಲಾಪಿಯ ಇತಿಹಾಸದಲ್ಲೇ ಸುತ್ತಾಡಿದೆ. ಅಲ್ಲಿ ನನಗೆ ಎದುರಾದದ್ದು ಛಂದಸ್ಸು. ಇದು ಅಲಂಕಾರದ ಮಾತಲ್ಲ. ಮುಂದೆ ಲೆಕ್ಕ ಸಮೇತ ಹೇಳುತ್ತೇನೆ.

ಮೊದಲು ತಟ್ಟೆಯ ವಿಷಯ. ಫ್ಲಾಪಿಯ ಒಳಗಿರುವುದು ತೆಳುವಾದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಅದು ಗಿರಗಿರನೆ ತಿರುಗುವಾಗ ಮೇಲೆ ಒಂದು ಪುಟ್ಟ ಹೆಡ್ ಒರಗಿಕೊಂಡಿರುತ್ತದೆ. ಆ ಹೆಡ್ಡಿಗೆ ಲೇಪದ ಕಾಂತದ ದಿಕ್ಕು ಯಾವುದೆಂದು ಗೊತ್ತಾಗುವುದಿಲ್ಲ. ದಿಕ್ಕು ಬದಲಾದ ಕ್ಷಣ ಮಾತ್ರ ಗೊತ್ತಾಗುತ್ತದೆ. ಬದಲಾದಾಗ ಒಂದು ಮಿಡಿತ, ಬದಲಾಗದಿದ್ದರೆ ಮೌನ. ಮಿಡಿತವನ್ನು 1 ಎಂದೂ ಮೌನವನ್ನು 0 ಎಂದೂ ಇಟ್ಟುಕೊಂಡರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಮುಗಿಯುವುದಿಲ್ಲ. ತಾಳದಲ್ಲಿ ಘಾತ ಇದೆ, ಹುಸಿ ಇದೆ. ಘಾತ ಕಿವಿಗೆ ಬೀಳುತ್ತದೆ, ಹುಸಿ ಬೀಳುವುದಿಲ್ಲ. ಒಂದು ಹುಸಿಯಾದರೆ ಸರಿ, ಎರಡಾದರೂ ಸರಿ. ಒಬ್ಬ ಕತ್ತಲ ಕೋಣೆಯಲ್ಲಿ ಕುಳಿತು ಸಾಲಾಗಿ ಹದಿನೇಳು ಹುಸಿ ಹಾಕಿ ಆಮೇಲೆ ಒಂದು ಚಪ್ಪಾಳೆ ತಟ್ಟಿದರೆ, ಹೊರಗೆ ಕುಳಿತವನಿಗೆ ಅದು ಹದಿನೇಳೋ ಹದಿನೆಂಟೋ ತಿಳಿಯುವುದು ಹೇಗೆ? ಫ್ಲಾಪಿಯ ಮೋಟಾರು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಬರೆದ ಯಂತ್ರ ಬೇರೆ, ಓದುವ ಯಂತ್ರ ಬೇರೆ. ಮೌನ ಉದ್ದವಾದಷ್ಟೂ ಲೆಕ್ಕ ತಪ್ಪುತ್ತದೆ. ಒಂದು ಬಿಟ್ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಒಂದು ಸ್ಥಾನ ಸರಿದು ಕಸವಾಗುತ್ತದೆ. ಸಾಲದ್ದಕ್ಕೆ, ಸದ್ದು ಬರದಿದ್ದಾಗ ಓದುವ ಸರ್ಕ್ಯೂಟು ತನ್ನ ಕಿವಿಯನ್ನು ಇನ್ನಷ್ಟು ಚುರುಕು ಮಾಡಿಕೊಳ್ಳುತ್ತದೆ. ಆಗ ಇಲ್ಲದ ಸದ್ದೂ ಕೇಳತೊಡಗುತ್ತದೆ.

ಹಾಗಾಗಿ ಫ್ಲಾಪಿಯಲ್ಲಿ ಬರೆಯುವುದೆಂದರೆ ಮೌನದ ಉದ್ದಕ್ಕೆ ಮಿತಿ ಹಾಕುವುದು.

ಐಬಿಎಂ 1971ರಲ್ಲಿ ಮೊದಲ ಫ್ಲಾಪಿಯನ್ನು ಹೊರತಂದಾಗ ಅದು ಎಂಟಿಂಚಿನದು. ದೊಡ್ಡ ಕಂಪ್ಯೂಟರುಗಳಿಗೆ ಆರಂಭದ ಸೂಚನೆಗಳನ್ನು ತುಂಬಿಸಲೆಂದು ಮಾಡಿದ್ದು, ಬಳಸುವವರು ಅದರಲ್ಲಿ ಬರೆಯುವಂತಿರಲಿಲ್ಲ. ಓದಲೂ ಬರೆಯಲೂ ಬರುವಂಥದ್ದು 1973ರಲ್ಲಿ ಬಂತು. 77 ಟ್ರ್ಯಾಕು, ಟ್ರ್ಯಾಕಿಗೆ 26 ಸೆಕ್ಟರು, ಸೆಕ್ಟರಿಗೆ 128 ಬೈಟು. ಗುಣಿಸಿದರೆ ಎರಡೂವರೆ ಲಕ್ಷ ಬೈಟಿಗೆ ತುಸು ಹೆಚ್ಚು. ಅದರಲ್ಲಿ ಬಳಸಿದ ಕ್ರಮಕ್ಕೆ ಎಫ್‌ಎಂ ಎಂದು ಹೆಸರು. ಬಹಳ ಸರಳ. ಪ್ರತಿ ಬಿಟ್ಟಿಗೂ ಒಂದು ಮನೆ. ಮನೆಯ ಹೊಸ್ತಿಲಲ್ಲಿ ಯಾವಾಗಲೂ ಒಂದು ಮಿಡಿತ, ಅದು ಗಡಿಯಾರದ್ದು. ಬಿಟ್ 1 ಆಗಿದ್ದರೆ ನಡುಮನೆಯಲ್ಲಿ ಇನ್ನೊಂದು ಮಿಡಿತ. 0 ಆಗಿದ್ದರೆ ನಡುಮನೆ ಖಾಲಿ. ಮುಂದೆ ಐದೂಕಾಲು ಇಂಚಿನ ತಟ್ಟೆಗೆ ಇದೇ ಕ್ರಮ ಬಂದಾಗ ಒಂದು ಮನೆಯ ಉದ್ದ 8 ಮೈಕ್ರೊಸೆಕೆಂಡು. ಅಂದರೆ ಎರಡು ಮಿಡಿತಗಳ ನಡುವಿನ ಅಂತರ 4 ಮೈಕ್ರೊಸೆಕೆಂಡು, ಇಲ್ಲವೇ 8. ಬೇರೆ ಅಂತರವೇ ಇಲ್ಲ.

ಒಂದು ಗಿಡ್ಡ, ಒಂದು ಅದರ ಎರಡರಷ್ಟು. ಛಂದಸ್ಸು ಓದಿದ ಯಾರಿಗೇ ಆಗಲಿ ಇಲ್ಲಿ ಕೈ ನಿಲ್ಲುತ್ತದೆ. 4 ಮೈಕ್ರೊಸೆಕೆಂಡನ್ನು ಒಂದು ಮಾತ್ರೆ ಎಂದುಕೊಳ್ಳಿ. ಗಿಡ್ಡ ಅಂತರ ಲಘು, ಉದ್ದ ಅಂತರ ಗುರು. ಎಫ್‌ಎಂನಲ್ಲಿ 0 ಎಂದರೆ ಒಂದು ಗುರು, 1 ಎಂದರೆ ಎರಡು ಲಘು. ಎರಡಕ್ಕೂ ಎರಡೆರಡು ಮಾತ್ರೆ. ಪ್ರತಿ ಬಿಟ್ಟೂ ಎರಡು ಮಾತ್ರೆಯ ಒಂದು ಗಣ, ಗಣ ಎಲ್ಲೂ ಒಡೆಯುವುದಿಲ್ಲ. ಬಾಲಪಾಠದಂಥ ಛಂದಸ್ಸು. ತಪ್ಪಲು ಸಾಧ್ಯವಿಲ್ಲ, ಆದರೆ ಅರ್ಧ ಜಾಗ ಬರೀ ತಾಳ ಹಾಕಲು ಹೋಗುತ್ತದೆ.

ಐಬಿಎಂನಲ್ಲಿ ಫ್ಲಾಪಿಯ ಕೆಲಸ ನೋಡಿಕೊಂಡಿದ್ದ ಅಲನ್ ಶುಗಾರ್ಟ್ 1973ರಲ್ಲಿ ತನ್ನದೇ ಕಂಪನಿ ಕಟ್ಟಿದರು. ಆ ಕಂಪನಿ 1976ರಲ್ಲಿ ಎಸ್‌ಎ400 ಎಂಬ ಐದೂಕಾಲು ಇಂಚಿನ ಡ್ರೈವನ್ನು ಮಾರುಕಟ್ಟೆಗೆ ತಂದಿತು. ಬೆಲೆ 390 ಡಾಲರು, 35 ಟ್ರ್ಯಾಕು, ನಿಮಿಷಕ್ಕೆ 300 ಸುತ್ತು. ಅಲ್ಲಿಯವರೆಗೆ ಮನೆಯಲ್ಲಿ ಕಂಪ್ಯೂಟರು ಇಟ್ಟುಕೊಂಡವರು ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಲ್ಲೇ ಪ್ರೋಗ್ರಾಂ ಉಳಿಸಿಕೊಳ್ಳುತ್ತಿದ್ದರು. ಕ್ಯಾಸೆಟ್ಟಿನ ಗೋಳನ್ನು ನಾನು ಬರೆಯಬೇಕಿಲ್ಲ. ಒಂದು ಹಾಡು ಹುಡುಕಲು ಪೆನ್ಸಿಲು ತೂರಿಸಿ ರೀಲು ಸುತ್ತಿದ ಯಾರಿಗಾದರೂ ಗೊತ್ತು.

ಈಗ ಕಥೆ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತದೆ. 1977ರ ಡಿಸೆಂಬರ್. ಆ್ಯಪಲ್ 2 ಬಂದು ಇನ್ನೂ ವರ್ಷವಾಗಿರಲಿಲ್ಲ. ಕಂಪನಿಗೆ ಹಣ ಹಾಕಿ ಅದನ್ನು ನಡೆಸುತ್ತಿದ್ದ ಮೈಕ್ ಮಾರ್ಕುಲಾಗೆ ಕ್ಯಾಸೆಟ್ಟಿನಿಂದ ಬೇಸರ ಬಂದಿತ್ತು. ಚೆಕ್‌ಬುಕ್ಕಿನ ಲೆಕ್ಕ ನೋಡುವ ಒಂದು ಪ್ರೋಗ್ರಾಂ ತುಂಬಿಸಿಕೊಳ್ಳಲೂ ಕಾದು ಕೂರಬೇಕಾಗಿತ್ತು. ಫ್ಲಾಪಿ ಬೇಕು ಎಂದರು. ಜನವರಿಯಲ್ಲಿ ಲಾಸ್ ವೇಗಸ್ಸಿನಲ್ಲಿ ದೊಡ್ಡ ಪ್ರದರ್ಶನವಿತ್ತು. ಅಲ್ಲಿಗೆ ಹೋಗುವ ಆಸೆಗೆ ಸ್ಟೀವ್ ವೋಜ್ನಿಯಾಕ್ ಎರಡು ವಾರದಲ್ಲಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡರು. ಅವರು ಅದುವರೆಗೆ ಫ್ಲಾಪಿ ಡ್ರೈವಿನ ಕೆಲಸವನ್ನೇ ಮಾಡಿರಲಿಲ್ಲ. ಕ್ರಿಸ್‌ಮಸ್ ರಜೆ ಪೂರ್ತಿ ರ‍್ಯಾಂಡಿ ವಿಗಿಂಟನ್ ಎಂಬ ಹುಡುಗನ ಜೊತೆ ಕುಳಿತರು.

ವೋಜ್ನಿಯಾಕ್ ಮೊದಲು ಮಾಡಿದ್ದು ಶುಗಾರ್ಟ್ ಡ್ರೈವಿನ ಸರ್ಕ್ಯೂಟು ಬೋರ್ಡು ಓದಿ ಬೇಡದ್ದನ್ನೆಲ್ಲ ಕಿತ್ತದ್ದು. ತಟ್ಟೆಯ ಸಣ್ಣ ತೂತು ನೋಡಿ ಸುತ್ತು ಎಲ್ಲಿ ಶುರುವಾಯಿತೆಂದು ತಿಳಿಸುವ ಏರ್ಪಾಡು ಬೇಡ. ಹೆಡ್ಡು ಸೊನ್ನೆಯ ಟ್ರ್ಯಾಕಿಗೆ ಬಂದಿದೆಯೇ ಎಂದು ಹೇಳುವ ಸ್ವಿಚ್ಚೂ ಬೇಡ. ಹಿಂದಕ್ಕೆ ಸರಿಸುತ್ತಲೇ ಇದ್ದರೆ ಹೆಡ್ಡು ಗೋಡೆಗೆ ಹೋಗಿ ಬಡಿಯುತ್ತದೆ, ಅದೇ ಸೊನ್ನೆ. ಆ್ಯಪಲ್ 2 ಶುರುವಾಗುವಾಗ ಕೇಳುವ ಕಟಕಟ ಸದ್ದು ಅದು. ಕಂಟ್ರೋಲರ್ ಕಾರ್ಡು ಎಂಟು ಚಿಪ್ಪಿಗೆ ಇಳಿಯಿತು. ಚಿಪ್ಪು ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರೇ ಮಾಡಬೇಕು. ಅದರ ಒಂದು ಹೆಜ್ಜೆಗೆ ಸುಮಾರು ಒಂದು ಮೈಕ್ರೊಸೆಕೆಂಡು. ಎಂಟು ಮಾತ್ರೆಗೆ 32 ಮೈಕ್ರೊಸೆಕೆಂಡು. ಹಾಗಾಗಿ ತಟ್ಟೆಗೆ ಬರೆಯುವ ಪ್ರೋಗ್ರಾಂ ಸರಿಯಾಗಿ 32 ಹೆಜ್ಜೆಗೊಮ್ಮೆ ಒಂದು ಬೈಟನ್ನು ಕೊಡಬೇಕು. 31 ಆಗಬಾರದು, 33 ಆಗಬಾರದು. ಹೆಜ್ಜೆ ಎಣಿಸಿ ಎಣಿಸಿ ಬರೆದ ಪ್ರೋಗ್ರಾಂ ಅದು.

ಎಫ್‌ಎಂನಲ್ಲಿ ಅರ್ಧ ಮಿಡಿತ ಗಡಿಯಾರಕ್ಕೇ ಹೋಗುತ್ತದೆ ಎಂದೆನಲ್ಲ, ವೋಜ್ನಿಯಾಕ್ ಕೈ ಹಾಕಿದ್ದು ಅಲ್ಲಿಗೆ. ಗಡಿಯಾರವನ್ನೇ ತೆಗೆದುಬಿಡೋಣ. ತಟ್ಟೆಯ ಮೇಲೆ ಎಂಟೆಂಟು ಬಿಟ್ಟಿನ ಪದಗಳು ಇರಲಿ. ಆದರೆ ಎಲ್ಲ ಪದವೂ ಬೇಡ. ಎರಡು ನಿಯಮ: ಪದ 1ರಿಂದಲೇ ಶುರುವಾಗಬೇಕು, ಎರಡು 0 ಒಟ್ಟಿಗೆ ಬರಕೂಡದು. ಹಾಗಾದರೆ ಮೌನ ಎಂದೂ 8 ಮೈಕ್ರೊಸೆಕೆಂಡು ದಾಟುವುದಿಲ್ಲ. ಓದುವವನ ತಾಳ ತಪ್ಪುವುದಿಲ್ಲ. ಎಂಟು ಬಿಟ್ಟಿನ 256 ಪದಗಳಲ್ಲಿ ಈ ನಿಯಮಕ್ಕೆ ಒಪ್ಪುವಂಥವು ಎಷ್ಟು? 34. ಎರಡನ್ನು ಬೇರೆ ಕೆಲಸಕ್ಕೆ ಎತ್ತಿಟ್ಟರೆ 32. ಮೂವತ್ತೆರಡು ಪದಗಳಿದ್ದರೆ ಐದು ಬಿಟ್ಟಿನ ಮಾಹಿತಿಯನ್ನು ಹೇಳಬಹುದು. ಎಂಟು ಮಾತ್ರೆಯಲ್ಲಿ ಎಫ್‌ಎಂ ನಾಲ್ಕು ಬಿಟ್ ಹೇಳುತ್ತಿತ್ತು, ಇದು ಐದು. ಟ್ರ್ಯಾಕಿಗೆ 10 ಸೆಕ್ಟರು ಹಿಡಿಯುತ್ತಿದ್ದಲ್ಲಿ 13 ಹಿಡಿದವು. ಇಂಥ ಗುಂಪು ಸಂಕೇತ ಜಗತ್ತಿಗೆ ಹೊಸದೇನಲ್ಲ, ಐಬಿಎಂ 1973ರಲ್ಲೇ ದೊಡ್ಡ ಟೇಪುಗಳಿಗೆ ಇದರ ಅಣ್ಣನನ್ನು ಬಳಸಿತ್ತು. ಆದರೆ ಎಂಟು ಚಿಪ್ಪಿನಲ್ಲಿ, ಮನೆಯ ಕಂಪ್ಯೂಟರಿನಲ್ಲಿ, ಇದು ಹೊಸದು.

34 ಎಂಬ ಸಂಖ್ಯೆ ಕಂಡಾಗ ನಾನು ಕಾಗದ ಪೆನ್ನು ತೆಗೆದುಕೊಂಡೆ. ನಿಯಮಕ್ಕೆ ಒಪ್ಪುವ ಯಾವುದೇ ಪದ ತೆಗೆದುಕೊಳ್ಳಿ. ಅದರಲ್ಲಿ ಪ್ರತಿ 1ರ ಹಿಂದೆ ಒಂದು 0 ಇರುತ್ತದೆ, ಅಥವಾ ಇರುವುದಿಲ್ಲ. '10' ಇದ್ದರೆ ಅದು ಎರಡು ಮಾತ್ರೆಯ ಗುರು. ಬರೀ '1' ಇದ್ದರೆ ಒಂದು ಮಾತ್ರೆಯ ಲಘು. ಅಲ್ಲಿಗೆ ವೋಜ್ನಿಯಾಕ್ ಎಣಿಸಿದ್ದು ಇಷ್ಟೇ: ಲಘು-ಗುರುಗಳನ್ನು ಕೂಡಿಸಿ ಎಂಟು ಮಾತ್ರೆಯ ಸಾಲನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು?

ಈ ಪ್ರಶ್ನೆಗೆ ನಮ್ಮ ಛಂದಶ್ಶಾಸ್ತ್ರಜ್ಞರು ಸಾವಿರ ವರ್ಷಕ್ಕೂ ಹಿಂದೆ ಉತ್ತರ ಹೇಳಿದ್ದಾರೆ. ಪ್ರಾಕೃತ ಛಂದಸ್ಸಿನ ಬಗ್ಗೆ ಬರೆದ ವಿರಹಾಂಕ ಇದರ ಸೂತ್ರ ಕೊಟ್ಟವನು. ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರ ಅದನ್ನು ಮತ್ತೆ ವಿವರಿಸಿದ. ಸೂತ್ರ ಸುಲಭ. ಎಂಟು ಮಾತ್ರೆಯ ಸಾಲು ಲಘುವಿನಿಂದ ಮುಗಿದರೆ ಅದರ ಹಿಂದೆ ಏಳು ಮಾತ್ರೆ ಇದೆ. ಗುರುವಿನಿಂದ ಮುಗಿದರೆ ಹಿಂದೆ ಆರು ಮಾತ್ರೆ ಇದೆ. ಹಾಗಾಗಿ ಎಂಟರ ಸಂಖ್ಯೆ ಎಂದರೆ ಏಳರದ್ದೂ ಆರರದ್ದೂ ಕೂಡಿದ ಮೊತ್ತ. 1, 2, 3, 5, 8, 13, 21, 34. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕ ಹಾಕಿ ಇದೇ ಸಾಲನ್ನು ಬರೆದದ್ದು 1202ರಲ್ಲಿ.

ವೋಜ್ನಿಯಾಕ್‌ಗೆ ವಿರಹಾಂಕ ಗೊತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಎಲ್ಲವೂ ನಮ್ಮಲ್ಲೇ ಇತ್ತು ಎನ್ನುವ ವಾಟ್ಸಾಪ್ ಸಂದೇಶಕ್ಕೆ ಇದನ್ನು ಯಾರೂ ಸೇರಿಸಬೇಡಿ. ಇಬ್ಬರಿಗೂ ಎದುರಾದ ತೊಡಕು ಒಂದೇ ಆಗಿತ್ತು. ಕಾಲದಲ್ಲಿ ಹರಿದು ಹೋಗುವ ಸದ್ದನ್ನು ಅಳತೆಗೆ ಸಿಗುವಂತೆ ಕಟ್ಟುವುದು, ಕೇಳುವವನಿಗೆ ಎಣಿಕೆ ತಪ್ಪದಂತೆ ನೋಡಿಕೊಳ್ಳುವುದು.

ಹೋಲಿಕೆ ಎಣಿಕೆಗೇ ನಿಲ್ಲುವುದಿಲ್ಲ. ಛಂದಸ್ಸಿನಲ್ಲಿ ಆರು ಪ್ರತ್ಯಯಗಳಿವೆ. ನಾಗವರ್ಮನ 'ಛಂದೋಂಬುಧಿ' ಓದಿದವರಿಗೆ ಅವು ಪರಿಚಿತ. ಪ್ರಸ್ತಾರ ಎಂದರೆ ಎಲ್ಲ ಬಗೆಗಳನ್ನೂ ಕ್ರಮವಾಗಿ ಬಿಡಿಸಿ ಬರೆಯುವುದು. ನಷ್ಟ ಎಂದರೆ ಸಾಲಿನ ಕ್ರಮಸಂಖ್ಯೆ ಗೊತ್ತಿದೆ, ಸಾಲು ಅಳಿಸಿಹೋಗಿದೆ. ಸಂಖ್ಯೆಯಿಂದ ಸಾಲನ್ನು ಪಡೆಯುವುದು. ಉದ್ದಿಷ್ಟ ಅದರ ತಿರುಗುಮುರುಗು: ಸಾಲು ಇದೆ, ಅದು ಎಷ್ಟನೆಯದೆಂದು ಹೇಳುವುದು. ಆ್ಯಪಲ್ಲಿನ ಡಿಸ್ಕ್ ಪ್ರೋಗ್ರಾಮಿನಲ್ಲಿ ಎರಡು ಕೋಷ್ಟಕಗಳಿವೆ. ಬರೆಯುವಾಗ 0ಯಿಂದ 31ರವರೆಗಿನ ಸಂಖ್ಯೆಗೆ ತಟ್ಟೆಯ ಪದ ಯಾವುದೆಂದು ನೋಡುತ್ತದೆ, ಅದು ನಷ್ಟ. ಓದುವಾಗ ತಟ್ಟೆಯ ಪದಕ್ಕೆ ಸಂಖ್ಯೆ ಯಾವುದೆಂದು ನೋಡುತ್ತದೆ, ಅದು ಉದ್ದಿಷ್ಟ. ಪ್ರಸ್ತಾರದ ಮೊದಲ ಸಾಲು ಸರ್ವಗುರು, ಕೊನೆಯದು ಸರ್ವಲಘು. ವೋಜ್ನಿಯಾಕರ 34 ಪದಗಳನ್ನು ಚಿಕ್ಕ ಸಂಖ್ಯೆಯಿಂದ ದೊಡ್ಡದಕ್ಕೆ ಜೋಡಿಸಿದರೂ ಮೊದಲನೆಯದು 10101010, ನಾಲ್ಕು ಗುರು. ಕೊನೆಯದು 11111111, ಎಂಟು ಲಘು. ನಡುವಿನವು ನಮ್ಮ ಪ್ರಸ್ತಾರವನ್ನು ಕನ್ನಡಿಯಲ್ಲಿ ಹಿಡಿದಂತೆ ಬಲದಿಂದ ಎಡಕ್ಕೆ ಓದಿಕೊಳ್ಳುತ್ತವೆ.

ಎತ್ತಿಟ್ಟ ಎರಡು ಪದಗಳ ವಿಷಯ ಇನ್ನೂ ಸೊಗಸು. ಒಂದು ಆ ಸರ್ವಗುರು. ಇನ್ನೊಂದು 11010101. ಬಿಡಿಸಿದರೆ ಲಘು, ಗುರು, ಗುರು, ಗುರು, ಲಘು. ಕಂದಪದ್ಯದ ಕಿವಿ ಇರುವವರಿಗೆ ಇದು ಕೂಡಲೇ ಮುಳ್ಳಿನಂತೆ ಚುಚ್ಚಬೇಕು. ನಾಲ್ಕು ನಾಲ್ಕು ಮಾತ್ರೆಗೆ ಗಣ ಮುರಿಯಲು ಹೋದರೆ ನಡುವಿನ ಗುರು ಗಡಿಯ ಮೇಲೆಯೇ ಕುಳಿತಿದೆ. 34 ಸಾಲುಗಳಲ್ಲಿ 25 ಸಾಲು ನಾಲ್ಕು-ನಾಲ್ಕಾಗಿ ಒಡೆಯುತ್ತವೆ, ಒಂಬತ್ತು ಒಡೆಯುವುದಿಲ್ಲ. ಇದು ಆ ಒಂಬತ್ತರಲ್ಲೊಂದು. ಸೆಕ್ಟರಿನ ಆರಂಭವನ್ನು ಸಾರಲು ವೋಜ್ನಿಯಾಕ್ ಈ ಎರಡನ್ನು ಜೊತೆಯಾಗಿ ಇಟ್ಟರು: ಮೊದಲು 11010101, ಆಮೇಲೆ 10101010. ಮಾಹಿತಿಯಲ್ಲಿ ಇವು ಎಂದೂ ಬರುವುದಿಲ್ಲ, ಹಾಗಾಗಿ ಇವು ಕಂಡವೆಂದರೆ ಇಲ್ಲಿಂದ ಪದ್ಯ ಶುರು.

ಆದರೆ ಹೆಡ್ಡು ತಟ್ಟೆಯ ಮೇಲೆ ಇಳಿಯುವುದು ಸಾಲಿನ ನಟ್ಟನಡುವೆಯೂ ಆಗಬಹುದಲ್ಲ? ಸುತ್ತಿನ ಆರಂಭ ತಿಳಿಸುವ ತೂತಿನ ಸಹಾಯವನ್ನು ಬೇಡವೆಂದಾಗಿದೆ. ಕಂಟ್ರೋಲರಿಗೆ ತಿಳಿದಿರುವುದು ಒಂದೇ: 1 ಕಂಡಲ್ಲಿಂದ ಎಂಟು ಎಣಿಸು, ಒಂದು ಪದ ಎನ್ನು. ನಡುವಿನ 1ನ್ನು ಹಿಡಿದರೆ ಎಲ್ಲವೂ ತಪ್ಪು. ಇದಕ್ಕೆ ವೋಜ್ನಿಯಾಕ್ ಹೂಡಿದ ಉಪಾಯ ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು. ಸೆಕ್ಟರಿನ ಮುಂದೆ ಎಂಟು 1ಗಳ ಪದವನ್ನು ಸಾಲಾಗಿ ಬರೆಯುವುದು, ಪ್ರತಿಯೊಂದರ ಹಿಂದೆ ಒಂದು ಹುಸಿ ಹೆಚ್ಚಿಗೆ ಬಿಡುವುದು. ತಪ್ಪು ಜಾಗದಿಂದ ಎಣಿಸಲು ಶುರು ಮಾಡಿದವನು ಎಂಟು ಎಣಿಸಿ, ಮುಂದಿನ ಪದಕ್ಕಾಗಿ 1 ಎಲ್ಲಿ ಎಂದು ನೋಡುವಾಗ ಆ ಹುಸಿ ಸಿಕ್ಕರೆ ಅದನ್ನು ದಾಟುತ್ತಾನೆ. ಹೀಗೆ ಸುತ್ತು ಸುತ್ತಿಗೂ ಸರಿಯುತ್ತ ಸರಿಯುತ್ತ ಸರಿಯಾದ ಆರಂಭಕ್ಕೆ ಬಂದು ಸೇರುತ್ತಾನೆ, ಆಮೇಲೆ ಅಲ್ಲಿಂದ ಕದಲುವುದಿಲ್ಲ. ಯಾರೂ ತಿದ್ದಬೇಕಿಲ್ಲ. ಭಜನೆಗೆ ತಡವಾಗಿ ಬಂದವನು ನಾಲ್ಕು ಆವರ್ತದಲ್ಲಿ ತಾಳ ಸೇರಿಕೊಳ್ಳುವ ಹಾಗೆ.

ಲಾಸ್ ವೇಗಸ್ಸಿನ ರಾತ್ರಿಯ ಒಂದು ಘಟನೆಯನ್ನು ವೋಜ್ನಿಯಾಕ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬೆಳಗಿನ ಜಾವದ ಹೊತ್ತಿಗೆ ಫ್ಲಾಪಿ ಕೆಲಸ ಮಾಡಿತು. ಒಂದು ನಕಲು ತೆಗೆದಿಡೋಣವೆಂದು ಹೋಗಿ, ನಿದ್ದೆಗಣ್ಣಿನಲ್ಲಿ, ಖಾಲಿ ತಟ್ಟೆಯನ್ನೇ ಒಳ್ಳೆಯ ತಟ್ಟೆಯ ಮೇಲೆ ನಕಲು ಮಾಡಿಬಿಟ್ಟರು. ಎಲ್ಲ ಹೋಯಿತು. ಮಲಗಿ ಎದ್ದು ನೆನಪಿನಿಂದ ಮತ್ತೆ ಬರೆದರು. ಇದನ್ನು ಓದಿದ ದಿನ ನಾನು ಅಪ್ಪನ 'ಪಾಠ - ನಕಲು' ಎಂಬ ಗೆದ್ದಲು ಹಿಡಿದ ಫ್ಲಾಪಿಯನ್ನು ಮತ್ತೊಮ್ಮೆ ತೆಗೆದು ನೋಡಿ ಒಳಗಿಟ್ಟೆ.

ಡಿಸ್ಕ್ 2 ಎಂಬ ಹೆಸರಿನಲ್ಲಿ ಈ ಡ್ರೈವು 1978ರ ಮಧ್ಯದಲ್ಲಿ ಮಾರಾಟಕ್ಕೆ ಬಂತು. ತಟ್ಟೆಗೆ 35 ಟ್ರ್ಯಾಕು, 13 ಸೆಕ್ಟರು, ಸೆಕ್ಟರಿಗೆ 256 ಬೈಟು: 1,16,480 ಬೈಟು. ಆಮೇಲೆ ತಿಳಿದದ್ದು, ಡ್ರೈವಿನ ಕಿವಿ ಅಂದುಕೊಂಡದ್ದಕ್ಕಿಂತ ಚುರುಕಾಗಿದೆ ಎಂದು. ಎರಡು ಹುಸಿ ಒಟ್ಟಿಗೆ ಬಂದರೂ ಎಣಿಕೆ ತಪ್ಪುವುದಿಲ್ಲ. ಹಾಗಾದರೆ '100' ಕೂಡ ನಡೆಯುತ್ತದೆ. ಮೂರು ಮಾತ್ರೆ. ಲಘು, ಗುರುಗಳ ಜೊತೆಗೆ ಈಗ ಪ್ಲುತ! ಒಂದು ಪದದಲ್ಲಿ ಹೆಚ್ಚೆಂದರೆ ಒಂದು ಪ್ಲುತ ಎಂದು ನಿಯಮ ಸಡಿಲಿಸಿದರೆ 34ರ ಜೊತೆ ಇನ್ನು 38 ಸೇರಿ 72 ಪದಗಳಾಗುತ್ತವೆ. ಮೊದಲ ಬಿಟ್ಟನ್ನು ಬಿಟ್ಟು ಮಿಕ್ಕ ಏಳರಲ್ಲಿ ಎರಡು 1 ಒಟ್ಟಿಗೆ ಎಲ್ಲಾದರೂ ಇರಲೇಬೇಕು ಎಂದು ಇನ್ನೊಂದು ಕಟ್ಟು ಹಾಕಿದರೆ ಎಂಟು ಬಿದ್ದುಹೋಗಿ 64 ಉಳಿಯುತ್ತವೆ. ಬಿದ್ದುಹೋದ ಎಂಟರಲ್ಲಿ ಆ ಎತ್ತಿಟ್ಟ ಎರಡು ಪದಗಳೂ ಇವೆ, ಅವು ತಮ್ಮ ಹಳೆಯ ಕೆಲಸದಲ್ಲೇ ಮುಂದುವರಿದವು. 64 ಎಂದರೆ ಆರು ಬಿಟ್. ಟ್ರ್ಯಾಕಿಗೆ 16 ಸೆಕ್ಟರು, ತಟ್ಟೆಗೆ 1,43,360 ಬೈಟು. ಎಲ್ಲ ಬಳಕೆದಾರರಿಗೂ ಇದು ತಲುಪಿದ್ದು 1980ರಲ್ಲಿ, ಡಾಸ್ 3.3ರ ಜೊತೆ. ಡ್ರೈವು ಅದೇ, ತಟ್ಟೆ ಅದೇ. ಕಾರ್ಡಿನ ಮೇಲಿನ ಎರಡು ಸಣ್ಣ ಚಿಪ್ಪು ಬದಲಿಸಿಕೊಂಡರೆ ಸಾಕಿತ್ತು. ಛಂದಸ್ಸು ಸಡಿಲವಾದದ್ದರಿಂದ ಅದೇ ತಾಳೆಗರಿಯಲ್ಲಿ ಹೆಚ್ಚು ಪದ್ಯ ಹಿಡಿಯಿತು ಅನ್ನಿ.

ಕೊಮೊಡೋರ್ ಕಂಪನಿಯವರು ಬೇರೆ ದಾರಿ ಹಿಡಿದರು. ನಾಲ್ಕು ಬಿಟ್ಟಿಗೆ ಐದು ಬಿಟ್ಟಿನ ಪದ, ಹೊರಗಿನ ಉದ್ದ ಟ್ರ್ಯಾಕಿಗೆ 21 ಸೆಕ್ಟರು, ಒಳಗಿನ ಗಿಡ್ಡ ಟ್ರ್ಯಾಕಿಗೆ 17. ಡ್ರೈವಿನೊಳಗೇ ಇನ್ನೊಂದು ಪ್ರೊಸೆಸರು. ನಮ್ಮಲ್ಲಿ 1984ರಲ್ಲಿ ಶುರುವಾದ ಕ್ಲಾಸ್ ಎಂಬ ಯೋಜನೆಯಲ್ಲಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಕಂಪ್ಯೂಟರುಗಳ ಡಿಸ್ಕ್ ವ್ಯವಸ್ಥೆ ಅದೇ ಹಳೆಯ ಎಫ್‌ಎಂನದು: ಟ್ರ್ಯಾಕಿಗೆ 10 ಸೆಕ್ಟರು.

ವೋಜ್ನಿಯಾಕರ ಜಾಣ್ಮೆಯನ್ನು ಹೊಗಳುವವರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಅದು ಪೂರ್ತಿ ನ್ಯಾಯವಲ್ಲ. ಗೆದ್ದದ್ದು ಬೇರೆ. ಐಬಿಎಂನವರು ಎಫ್‌ಎಂಗೆ ಒಂದು ಸಣ್ಣ ತಿದ್ದುಪಡಿ ಮಾಡಿದ್ದರು, ಅದಕ್ಕೆ ಎಂಎಫ್‌ಎಂ ಎಂದು ಹೆಸರು. ಹೊಸ್ತಿಲ ಮಿಡಿತ ಎಲ್ಲ ಮನೆಗೂ ಬೇಡ. ಅಕ್ಕಪಕ್ಕದ ಎರಡು ಮನೆಯೂ ಖಾಲಿ ಇದ್ದರೆ ಮಾತ್ರ ಅವುಗಳ ನಡುವಿನ ಹೊಸ್ತಿಲಲ್ಲಿ ಒಂದು ಮಿಡಿತ ಇರಲಿ, ಸಾಕು. ಆಗ ಮನೆಯನ್ನು 4 ಮೈಕ್ರೊಸೆಕೆಂಡಿಗೆ ಕುಗ್ಗಿಸಿದರೂ ಮಿಡಿತಗಳು ಒಂದಕ್ಕೊಂದು ಒತ್ತುವುದಿಲ್ಲ. ಅಂತರಗಳು ಮೂರು: 4, 6, 8 ಮೈಕ್ರೊಸೆಕೆಂಡು. ಎಂಟು ಮಾತ್ರೆಯಲ್ಲಿ ಎಂಟು ಬಿಟ್. ಆರನ್ನು ಸೇರಿಸಲು ವೋಜ್ನಿಯಾಕ್ ಅಷ್ಟೆಲ್ಲ ಪಾಡುಪಟ್ಟಲ್ಲಿ ಇದು ಎಂಟನ್ನೂ ಹಿಡಿಸಿತು. ಆದರೆ ಇಲ್ಲಿ ಒಂದೂವರೆ ಮಾತ್ರೆಯ ಅಂತರ ಬರುತ್ತದೆ. ನಮ್ಮ ಛಂದಸ್ಸಿನಲ್ಲಿ ಅಂಥ ಅಕ್ಷರವಿಲ್ಲ. ಲಘುವಿಗೂ ಗುರುವಿಗೂ ನಡುವೆ ಇನ್ನೊಂದನ್ನು ಗುರುತಿಸುವಷ್ಟು ಸೂಕ್ಷ್ಮ ಕಿವಿ ಬೇಕು, ಅದಕ್ಕೆ ಹೆಚ್ಚು ಸರ್ಕ್ಯೂಟು ಬೇಕು. 1977ರಲ್ಲಿ ಅದು ದುಬಾರಿ. 1981ರಲ್ಲಿ ಐಬಿಎಂ ಪಿಸಿ ಬರುವ ಹೊತ್ತಿಗೆ ಆ ಕೆಲಸ ಮಾಡುವ ಚಿಪ್ಪು ಅಂಗಡಿಯಲ್ಲಿ ಸಿಗುತ್ತಿತ್ತು.

ಎಂಎಫ್‌ಎಂನಲ್ಲಿ ಸೆಕ್ಟರಿನ ಆರಂಭ ಸಾರುವ ರೀತಿಯೂ ಬೇರೆ. ವೋಜ್ನಿಯಾಕ್ ನಿಯಮದೊಳಗಿನದೇ ಎರಡು ಪದವನ್ನು ಎತ್ತಿಟ್ಟರು. ಐಬಿಎಂನವರು ನಿಯಮವನ್ನೇ ಮುರಿದರು: ಎರಡು ಖಾಲಿ ಮನೆಗಳ ನಡುವೆ ಇರಲೇಬೇಕಾದ ಒಂದು ಮಿಡಿತವನ್ನು ಬೇಕೆಂದೇ ಬಿಟ್ಟುಬಿಟ್ಟರು. ಯಾವ ಮಾಹಿತಿಯೂ ಆ ತಪ್ಪನ್ನು ಮಾಡಲಾರದು, ಹಾಗಾಗಿ ಆ ತಪ್ಪೇ ಗುರುತು. ಛಂದೋಭಂಗಕ್ಕೆ ಇಂಥ ಗೌರವ ಇನ್ನೆಲ್ಲೂ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಅಪ್ಪನ ಫ್ಲಾಪಿ ಎಂಎಫ್‌ಎಂನದು. ಎರಡು ಮುಖ, ಮುಖಕ್ಕೆ 40 ಟ್ರ್ಯಾಕು, ಟ್ರ್ಯಾಕಿಗೆ 512 ಬೈಟಿನ 9 ಸೆಕ್ಟರು. 'ಪಾಠ' ಎಂದಿದ್ದ ತಟ್ಟೆಯನ್ನು ಬೆಂಗಳೂರಿನ ಗೆಳೆಯನೊಬ್ಬನ ಮನೆಗೆ ಒಯ್ದೆ. ಅವನು ಎಸ್‌.ಪಿ. ರಸ್ತೆಯ ಹಳೇ ಸಾಮಾನಿನ ರಾಶಿಯಿಂದ ಒಂದು ಡ್ರೈವು ಆರಿಸಿ ತಂದಿದ್ದ. ಹೊದಿಕೆಯ ಒಂದು ಅಂಚು ಸೀಳಿ, ಒಳಗಿನ ಹಾಳೆಯನ್ನು ಹೊರತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಬೂಷ್ಟು ಒರೆಸಿದೆವು. ಅವನ ಹತ್ತಿರ ಗ್ರೀಸ್‌ವೀಸಲ್ ಎಂಬ ಸಣ್ಣ ಬೋರ್ಡು ಇದೆ. ಅದು ಫೈಲು ಗೀಲು ಎಂದು ನೋಡುವುದಿಲ್ಲ. ಒಂದು ಮಿಡಿತಕ್ಕೂ ಮುಂದಿನ ಮಿಡಿತಕ್ಕೂ ಎಷ್ಟು ಹೊತ್ತು ಎಂದು ಬರೆದಿಟ್ಟುಕೊಳ್ಳುತ್ತದೆ, ಅಷ್ಟೆ. ಅರ್ಥ ಮಾಡಿಕೊಳ್ಳುವುದು ಆಮೇಲಿನ ಕೆಲಸ.

ಪರದೆಯ ಮೇಲೆ ಮೂರು ದಿಬ್ಬಗಳು ಎದ್ದವು. 4ರ ಹತ್ತಿರ ಒಂದು, 6ರ ಹತ್ತಿರ ಒಂದು, 8ರ ಹತ್ತಿರ ಒಂದು. ಚೂಪಾಗಿ, ಬೇರೆ ಬೇರೆಯಾಗಿ. ಮೂವತ್ತು ವರ್ಷದ ಹಿಂದೆ ಅಪ್ಪ ಒತ್ತಿದ ಅಕ್ಷರಗಳು ಇನ್ನೂ ಅಳತೆ ತಪ್ಪಿರಲಿಲ್ಲ. ಒಳಗಿನ ಟ್ರ್ಯಾಕುಗಳಿಗೆ ಹೋದಂತೆ ದಿಬ್ಬಗಳು ಅಗಲವಾದವು. ಬೂಷ್ಟು ಹೆಚ್ಚಿದ್ದ ಕಡೆ 6ರ ದಿಬ್ಬ ಅಕ್ಕಪಕ್ಕದವಕ್ಕೆ ಕರಗಿ ಸೇರಿಹೋಗಿತ್ತು. ಅಲ್ಲಿ ಯಂತ್ರಕ್ಕೆ ಲಘು ಯಾವುದು ಗುರು ಯಾವುದು ಎಂದು ಹೇಳಲು ಬರಲಿಲ್ಲ.

ನಾಲ್ಕು ಫೈಲುಗಳು ಪೂರ್ತಿ ಸಿಕ್ಕವು. ಒಂದು ಅಂಕಪಟ್ಟಿ. ಒಂದು, ಪ್ರಿನ್ಸಿಪಾಲರಿಗೆ ರಜೆಯ ಅರ್ಜಿ. ಎರಡು ಹಳಗನ್ನಡ ಪದ್ಯಗಳಿಗೆ ಟಿಪ್ಪಣಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಐದನೆಯದರಲ್ಲಿ ಮೊದಲ ಸೆಕ್ಟರು ಮಾತ್ರ ಓದಲು ಬಂತು. ಅದು ಎರಡನೇ ವರ್ಷದ ತರಗತಿಗೆ ಛಂದಸ್ಸಿನ ಪಾಠದ ಸಿದ್ಧತೆ. ನಾಲ್ಕು ಮಾತ್ರೆಯ ಗಣಗಳು ಎಷ್ಟು ಬಗೆ ಎಂದು ಪ್ರಶ್ನೆ ಹಾಕಿಕೊಂಡು, ಲಘುವಿಗೂ ಗುರುವಿಗೂ ಕೀಲಿಮಣೆಯಲ್ಲಿ ಸಿಗುವ ಗುರುತನ್ನೇ ಬಳಸಿ, ಅಪ್ಪ ಐದು ಸಾಲು ಟೈಪು ಮಾಡಿದ್ದರು.

– –
∪ ∪ –
∪ – ∪
– ∪ ∪
∪ ∪ ∪ ∪

ಅದರ ಕೆಳಗೆ, ಎರಡು ಗಣ ಸೇರಿದರೆ ಎಂಟು ಮಾತ್ರೆ, ಆಗ ಎಷ್ಟು ಎಂದು ಮಕ್ಕಳನ್ನು ಕೇಳಬೇಕು. 25 ಎನ್ನುತ್ತಾರೆ, ತಪ್ಪು ಏಕೆಂದು ಬೋರ್ಡಿನ ಮೇಲೆ ತೋರಿಸಬೇಕು ಎಂದು ಬರೆದುಕೊಂಡಿದ್ದಾರೆ. ವಾಕ್ಯ ಅಲ್ಲಿಗೆ 512 ಬೈಟು ಮುಗಿದು ನಿಂತಿದೆ. ಹೇಗೆ ತೋರಿಸಬೇಕೆಂದುಕೊಂಡಿದ್ದರೋ ಅದು ಮುಂದಿನ ಸೆಕ್ಟರಿನಲ್ಲಿದೆ. ಆ ಸೆಕ್ಟರನ್ನು ಇಪ್ಪತ್ತು ಸಲ ಓದಿಸಿ ನೋಡಿದೆವು, ಇಪ್ಪತ್ತು ಸಲವೂ ಮಿಡಿತಗಳ ಅಂತರ ಬೇರೆ ಬೇರೆ ಬಂತು. ಗೆಳೆಯ ಇನ್ನೊಂದು ಡ್ರೈವು ಹುಡುಕುತ್ತಿದ್ದಾನೆ. ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ಕೂರುತ್ತೇವೆ.